ಅಚ್ಚಾಗದ ಕರಾರುಗಳು

ಮಧುಗಿರಿಯ ತಾಲ್ಲೂಕು ಕಚೇರಿಯ ಎದುರು ಸಾಲಿನಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಬಂದವರು ಕೂರಲು ಮೂರು ಪ್ಲಾಸ್ಟಿಕ್ ಕುರ್ಚಿ. ನಾನು ಪತ್ರ ಬರೆಯುವವಳು. ಕ್ರಯಪತ್ರ, ವಿಭಾಗಪತ್ರ, ಅಫಿಡವಿಟ್ಟು ಎಲ್ಲ ಬರೆಯುತ್ತೇನೆ, ಆದರೆ ಹೆಚ್ಚು ಬರುವುದು ಬಾಡಿಗೆ ಕರಾರು. ನನ್ನ ತಂದೆ ಇದೇ ಜಾಗದಲ್ಲಿ ಮರದ ಡೆಸ್ಕಿನ ಮುಂದೆ ಕೂತು ಕೈಯಲ್ಲಿ ಬರೆಯುತ್ತಿದ್ದರು. ಅವರಿಂದ ನನಗೆ ಈ ಜಾಗದ ಜೊತೆಗೆ ಒಂದು ಅಭ್ಯಾಸವೂ ಬಂತು. ಪತ್ರವನ್ನು ಅಚ್ಚು ಹಾಕುವ ಮೊದಲು ಎರಡೂ ಕಡೆಯವರನ್ನು ಕೂರಿಸಿಕೊಂಡು ಮೊದಲಕ್ಷರದಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳುವುದು. 'ಓದಿಸಿ ಕೇಳಿ ಒಪ್ಪಿ ಸಹಿ ಮಾಡಿರುತ್ತೇವೆ' ಅಂತ ಬರೆದು ಓದದೆ ಬಿಟ್ಟರೆ ಅದು ಸುಳ್ಳು ಪತ್ರ ಎನ್ನುತ್ತಿದ್ದರು ಅವರು. ಈಗ ಈ ಸಾಲಿನಲ್ಲಿ ಹಾಗೆ ಓದುವವಳು ನಾನೊಬ್ಬಳೇ, ನನ್ನ ಗಂಟಲೂ ಸ್ವಲ್ಪ ದೊಡ್ಡದು.

ಪಕ್ಕದ್ದು ಜೆರಾಕ್ಸ್ ಅಂಗಡಿ. ಅದರ ಯಜಮಾನರು ಸಿರಾದವರು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ನಾನು ಅವರನ್ನು ಭಾಯಿ ಎನ್ನುತ್ತೇನೆ, ಅವರು ನನ್ನನ್ನು ಅಕ್ಕ ಎನ್ನುತ್ತಾರೆ, ವಯಸ್ಸಿನಲ್ಲಿ ಅವರೇ ದೊಡ್ಡವರು. ಮಧ್ಯಾಹ್ನ ಕಚೇರಿಯವರು ಊಟಕ್ಕೆ ಎದ್ದ ಮೇಲೆ ನಮಗಿಬ್ಬರಿಗೂ ಕೆಲಸವಿಲ್ಲ. ಆಗ ನಾವು ಜಗಳವಾಡುತ್ತೇವೆ. ವಿಷಯ ಬಹುಮಟ್ಟಿಗೆ ಒಂದೇ: ಯಾರ ಊರು ಕೆಟ್ಟದ್ದು.

ಮಧುಗಿರಿಯಲ್ಲಿ ಜಾತಿ ಕೇಳದೆ ಮನೆ ಕೊಡುವುದಿಲ್ಲ ಎಂಬ ಮಾತು ಸುತ್ತಲ ತಾಲ್ಲೂಕುಗಳಲ್ಲೆಲ್ಲ ಇದೆ. ಪಾವಗಡದಿಂದ ವರ್ಗವಾಗಿ ಬಂದವರು ಅದನ್ನು ಹೇಳುತ್ತಾರೆ, ಕೊರಟಗೆರೆಯವರೂ ಹೇಳುತ್ತಾರೆ. "ನಮ್ಮ ಗೊರವನಳ್ಳಿ ಗುಡೀಗೆ ದಿನಾ ಬಸ್ಸುಗಟ್ಲೆ ಜನ ಬತ್ತಾರೆ, ನಾವು ಯಾರ್ನಾದ್ರೂ ಯಾವ ಜನ ಅಂತ ಕೇಳ್ತೀವಾ?" ಎಂದು ಅಲ್ಲಿಯ ಗುಮಾಸ್ತರೊಬ್ಬರು ನನ್ನ ಅಂಗಡಿಯಲ್ಲೇ ಕೂತು ಕೇಳಿದ್ದರು. ದೇವರ ಮನೆಗೆ ಬಂದವರನ್ನು ಕೇಳುವುದಿಲ್ಲ ಸರಿ, ನಿಮ್ಮ ಮನೆಗೆ ಬಾಡಿಗೆಗೆ ಬಂದವರನ್ನು ಕೇಳುತ್ತೀರೋ ಇಲ್ಲವೋ ಎಂದು ನಾನು ಕೇಳಿದ್ದಕ್ಕೆ ಅವರು ಟೀ ಬಂತೇನೋ ಅಂತ ಬಾಗಿಲ ಕಡೆ ನೋಡಿದರು. ಭಾಯಿ ಮಾತ್ರ ಹೀಗೆ ಸುಲಭಕ್ಕೆ ಸೋಲುವವರಲ್ಲ.

"ನಿಮ್ಮೂರೋರು ಬಾಯಾರ್ತು ಅಂದ್ರೆ ನೀರ್ ಕೊಡೋಕ್ ಮುಂಚೆ ಮನೆದೇವ್ರು ಕೇಳ್ತಾರೆ ಕಣಕ್ಕಾ" ಎನ್ನುತ್ತಿದ್ದರು.

"ನಿಮ್ಮ ಸಿರಾದಲ್ಲಿ ಕೇಳೋದೇ ಬ್ಯಾಡ. ಒಂದೊಂದು ಬೀದೀನೂ ಒಂದೊಂದು ಜನಕ್ಕೆ ಅಂತ ಮೊದ್ಲೇ ಹಂಚ್ಕೊಂಡ್ಬುಟ್ಟಿದ್ದೀರಲ್ಲ" ಎನ್ನುತ್ತಿದ್ದೆ ನಾನು.

ನನ್ನ ಬಳಿ ದೊಡ್ಡ ಅಸ್ತ್ರವೊಂದಿತ್ತು, ನಾನೇ ಬರೆದ ಕರಾರುಗಳು. ಹತ್ತು ವರ್ಷದ ಹಿಂದೆ ನಾನು ಟೈಪು ಮಾಡುತ್ತಿದ್ದ ಹೆಸರುಗಳೆಲ್ಲ ಸುತ್ತಮುತ್ತಲ ಹಳ್ಳಿಯವರವು, ಕಣ್ಣು ಮುಚ್ಚಿಕೊಂಡು ಹೊಡೆಯಬಹುದಿತ್ತು. ಈಗ ಹಾಗಲ್ಲ. ಬೇಕರಿ ಇಟ್ಟ ಕೇರಳದವರು, ಸ್ಟೀಲ್ ಪಾತ್ರೆ ಮಾರುವ ರಾಜಸ್ಥಾನದವರು, ಟೈಲ್ಸ್ ಹಾಕುವ ಬಿಹಾರದವರು, ಚಾಟ್ಸ್ ಗಾಡಿಯ ನೇಪಾಳದವರು. ಅವರ ಅಪ್ಪಂದಿರ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯುವುದೆಂದು ಅವರ ಬಾಯಿಂದಲೇ ನಾಲ್ಕು ಸಲ ಹೇಳಿಸಿ ಬರೆಯುತ್ತೇನೆ, ನನಗೆ ಅದೊಂದು ಖುಷಿ. ನಮ್ಮ ಮಹಡಿಯಲ್ಲೇ ಅಸ್ಸಾಮಿನ ಗಂಡ ಹೆಂಡತಿ ನಾಲ್ಕು ವರ್ಷ ಇದ್ದರು. ಗಂಡ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಪರೋಟ ಹೊಡೆಯುತ್ತಿದ್ದ. ಬಂದ ವರ್ಷಕ್ಕೇ ಅವನು 'ಏನ್ಲಾ, ಬಂದ್ಬುಟ್ಟಾ' ಅನ್ನುವಷ್ಟು ನಮ್ಮವನಾಗಿದ್ದ. ಜಾತಿ ಕೇಳುವ ಊರಾಗಿದ್ದರೆ ಇವರೆಲ್ಲ ಎಲ್ಲಿ ಇರುತ್ತಿದ್ದರು ಎಂದು ಭಾಯಿಯನ್ನು ಕೇಳುತ್ತಿದ್ದೆ. ಭಾಯಿ ನಕ್ಕು ಯಂತ್ರಕ್ಕೆ ಹಾಳೆ ತುಂಬುತ್ತಿದ್ದರು. ಅದನ್ನು ನಾನು ನನ್ನ ಗೆಲುವೆಂದು ತಿಳಿದಿದ್ದೆ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ನನ್ನ ಅಂಗಡಿಗೆ ಒಬ್ಬ ಹೆಣ್ಣುಮಗಳು ಬರತೊಡಗಿದಳು. ತಾಲ್ಲೂಕು ಕಚೇರಿಗೆ ಹೊಸದಾಗಿ ಬಂದ ಸರ್ವೇಯರು. ಊರು ಪಾವಗಡದ ಆಚೆ, ನಿಡುಗಲ್ ಬೆಟ್ಟದ ಕಡೆ. ಗಂಡ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದು ವಾರಕ್ಕೆ ಎರಡು ದಿನ. ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಇವಳು ದಿನಾ ಎರಡೆರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಬೆಳಿಗ್ಗೆ ಹೊರಡುವಾಗ ಮಗು ಎದ್ದಿರುವುದಿಲ್ಲ, ವಾಪಸು ಹೋಗುವಷ್ಟರಲ್ಲಿ ಮಲಗಿಬಿಟ್ಟಿರುತ್ತದೆ. ಭಾನುವಾರ ಮಾತ್ರ ಮಗಳ ಮುಖ ನೋಡುವ ಅಮ್ಮ. ಜೂನಿಗೆ ಮಗು ಒಂದನೇ ತರಗತಿ. ಅಷ್ಟರಲ್ಲಿ ಮಧುಗಿರಿಯಲ್ಲಿ ಒಂದು ಮನೆ ಹಿಡಿದು ಮಗಳನ್ನು ಕರೆದುಕೊಂಡು ಬಂದು ಇಲ್ಲೇ ಶಾಲೆಗೆ ಸೇರಿಸಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಮಧ್ಯಾಹ್ನ ನನ್ನ ಕುರ್ಚಿಯಲ್ಲಿ ಕೂತು ಡಬ್ಬಿ ಬಿಚ್ಚುವ ಮೊದಲು ಊರಿಗೆ ಫೋನು ಮಾಡಿ "ವಸ್ತಾನು ನಾನ್ನಾ, ತೊಂದರಗಾ ವಸ್ತಾನು" ಎಂದು ತೆಲುಗಿನಲ್ಲಿ ಮಗಳನ್ನು ಸಮಾಧಾನ ಮಾಡುತ್ತಿದ್ದಳು. ಬೇಗ ಬರುತ್ತೇನೆ ಎಂದು ದಿನಾ ಹೇಳುವುದು, ದಿನಾ ಬೇಗ ಹೋಗಲಾಗದೆ ಇರುವುದು.

ಮೊದಲ ಮನೆ ಬೇಗನೇ ಸಿಕ್ಕಿತು. ಎಕ್ಸ್‌ಟೆನ್ಷನ್‌ನಲ್ಲಿ ನಿವೃತ್ತರೊಬ್ಬರ ಮನೆ. ಇಬ್ಬರೂ ಕರಾರು ಬರೆಸಲು ನನ್ನಲ್ಲಿಗೇ ಬಂದರು. ಯಜಮಾನರಿಗೆ ಸಂತೋಷವೋ ಸಂತೋಷ. "ಮೇಡಮ್ಮೋರ ಮನೆದೇವ್ರು ನಾಗಲಮಡಿಕೆ ಸುಬ್ರಮಣ್ಯ ಅಂತೆ. ಒಳ್ಳೇ ಜನ" ಎಂದು ನನಗೆ ಹೇಳಿದರು. ನೇರವಾಗಿ ಜಾತಿ ಕೇಳುವುದು ಸಭ್ಯತೆಯಲ್ಲ ಎಂದು ನಮಗೆಲ್ಲ ಗೊತ್ತು. ಅದಕ್ಕೇ ಮನೆದೇವರು ಕೇಳುತ್ತೇವೆ, ಉತ್ತರ ಬಂದ ಮೇಲೆ ಒಳಗೊಳಗೇ ಲೆಕ್ಕ ಹಾಕಿಕೊಳ್ಳುತ್ತೇವೆ. ನಾಗಲಮಡಿಕೆಗೆ ನಡೆದುಕೊಳ್ಳುವವರು ಎಲ್ಲ ಜಾತಿಯಲ್ಲೂ ಇದ್ದಾರೆ ಎಂಬುದು ಆ ಪುಣ್ಯಾತ್ಮರಿಗೆ ಹೊಳೆಯಲಿಲ್ಲ. ಅವಳು ಸುಳ್ಳೇನೂ ಹೇಳಿರಲಿಲ್ಲ.

ನಾನು ಇಬ್ಬರ ಆಧಾರ್ ಕಾರ್ಡನ್ನೂ ಪಕ್ಕದಲ್ಲಿಟ್ಟುಕೊಂಡು ಟೈಪು ಮಾಡಿ, ಎಂದಿನಂತೆ ಓದಲು ಶುರುಮಾಡಿದೆ. ಬಾಡಿಗೆದಾರರ ಹೆಸರು, ಗಂಡನ ಹೆಸರು, ವಯಸ್ಸು, ಆಮೇಲೆ ವಿಳಾಸ: ಮನೆ ನಂಬರು ಇಂತಿಷ್ಟು, ಎ.ಕೆ. ಕಾಲೋನಿ, ಇಂಥ ಗ್ರಾಮ. ಅಲ್ಲಿಂದ ಮುಂದೆ ಬಾಡಿಗೆ ಎಷ್ಟು, ಸುಣ್ಣಬಣ್ಣ ಯಾರದು, ನೀರಿನ ಬಿಲ್ಲು ಯಾರದು ಎಲ್ಲ ಓದಿ ಮುಗಿಸಿ ತಲೆ ಎತ್ತಿದರೆ ಯಜಮಾನರು ಫೋನು ಕೈಯಲ್ಲಿ ಹಿಡಿದು ಎದ್ದು ನಿಂತಿದ್ದರು. "ಮನೇಲಿ ಹಿರಿಯರವ್ರೆ, ಒಂದ್ಮಾತು ಕೇಳ್ಬುಟ್ಟು ಬತ್ತೀನಿ. ಪ್ರಿಂಟು ತೆಗೀಬ್ಯಾಡಿ ತಾಯಿ" ಎಂದರು. ಅವರಿಗೇ ಎಪ್ಪತ್ತು ದಾಟಿತ್ತು, ಅವರಿಗಿಂತ ಹಿರಿಯರು ಆ ಮನೆಯಲ್ಲಿ ಯಾರಿದ್ದಾರೆಂದು ನಾನು ಯೋಚಿಸಲಿಲ್ಲ. ಅವರು ಮತ್ತೆ ಬರಲಿಲ್ಲ.

ಮಾರ್ಚಿನಲ್ಲಿ ಇನ್ನೊಂದು ಮನೆ, ಮತ್ತೆ ನನ್ನ ಅಂಗಡಿ, ಮತ್ತೆ ಓದು. ಈ ಸಲ ಮನೆಯೊಡತಿ ಒಬ್ಬ ವಿಧವೆ. ಬೆಂಗಳೂರಿನ ಮಗನೇ ವಾಪಸು ಬರುತ್ತಾನಂತೆ ಎಂಬುದು ಅವರಿಗೆ ನಾನು ಓದಿ ಮುಗಿಸಿದ ಮೇಲೆ ನೆನಪಾಯಿತು. ಯಾಕೋ ಈ ಹೆಣ್ಣಿಗೆ ಗ್ರಹಚಾರ ಸರಿಯಿಲ್ಲ ಎಂದುಕೊಂಡೆನೇ ಹೊರತು ಬೇರೆ ಏನೂ ನನ್ನ ತಲೆಗೆ ಹೋಗಲಿಲ್ಲ. ದಿನಕ್ಕೆ ಅಷ್ಟು ವಿಳಾಸ ಓದುವವಳಿಗೆ ವಿಳಾಸ ಕೇಳಿಸುವುದೇ ನಿಂತುಹೋಗಿರುತ್ತದೆ.

ಏಪ್ರಿಲ್‌ನಲ್ಲಿ ಮೂರನೆಯದು. ಯಜಮಾನ ಹೊರಗೆ ಬೈಕು ನಿಲ್ಲಿಸುತ್ತಿದ್ದ. ಅವಳು ನನ್ನ ಮೇಜಿಗೆ ಬಗ್ಗಿ ಮೆಲ್ಲಗೆ, "ಮೇಡಂ, ಇವತ್ತು ಓದ್ಬೇಡಿ. ಪ್ರಿಂಟ್ ತೆಗೆದು ಕೊಟ್ಬಿಡಿ, ಸಹಿ ಹಾಕ್ತೀವಿ" ಎಂದಳು.

ನನಗೆ ಸಿಟ್ಟು ಬಂತು. ನಿನ್ನೆ ಮೊನ್ನೆ ಬಂದವಳು ನನ್ನ ಕಸುಬು ನನಗೆ ಹೇಳಿಕೊಡುತ್ತಾಳಲ್ಲ ಎನಿಸಿತು. ಓದದೆ ಕೊಟ್ಟರೆ ನಾಳೆ ತಕರಾರು ಬಂದಾಗ ನನ್ನನ್ನೇ ಕೇಳುತ್ತಾರೆ ಎಂದು ಹೇಳಿ, ಮಾಮೂಲಿಗಿಂತ ಗಟ್ಟಿಯಾಗಿಯೇ ಓದಿದೆ. ಯಜಮಾನ ಕೇಳಿಸಿಕೊಂಡ, ಪಾನ್ ಕಾರ್ಡು ಮನೆಯಲ್ಲಿ ಮರೆತೆ ಎಂದ, ಬೈಕು ಹತ್ತಿದ. ಕರಾರಿಗೆ ಪಾನ್ ಕಾರ್ಡು ಬೇಕೆಂದು ಯಾರೂ ಕೇಳಿರಲಿಲ್ಲ.

ಅವಳು ಎದ್ದು ಹೋಗಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದಳು. ಆಮೇಲೆ ಹೇಳಿದಳು, "ಮೂರು ಮನೇನೂ ನೀವು ಓದ್ದಾಗ್ಲೇ ಹೋಗಿದ್ದು ಮೇಡಂ. ಕಾಲೋನಿ ಅಂತ ಬಂದ ತಕ್ಷಣ ಅವರ ಮುಖ ನೋಡ್ತಿದ್ದೆ ನಾನು. ನೀವು ಪೇಪರ್ ನೋಡ್ತಿದ್ರಿ."

ನನಗೆ ತಕ್ಷಣ ಒಪ್ಪಲಾಗಲಿಲ್ಲ. ಊರನ್ನು ಬಿಟ್ಟುಕೊಡುವುದು ನನ್ನ ಜಾಯಮಾನವಲ್ಲ. ಬಿಹಾರದವರಿಗೆ ಕೊಟ್ಟಿದ್ದಾರೆ, ಅಸ್ಸಾಮಿನವರಿಗೆ ಕೊಟ್ಟಿದ್ದಾರೆ, ಬೇಕಾದರೆ ಪತ್ರ ತೋರಿಸುತ್ತೇನೆ ಎಂದೆ. ಭಾಯಿಗೆ ಹೇಳುವ ಪಾಠವನ್ನೇ ಅವಳಿಗೂ ಒಪ್ಪಿಸಿದೆ.

"ಅಸ್ಸಾಮಿನೋರ್ನ ಮನೆದೇವ್ರು ಕೇಳಿದ್ರೆ ನಿಮಗೇನ್ ಗೊತ್ತಾಗುತ್ತೆ ಮೇಡಂ?" ಎಂದಳು ಅವಳು. ಜಗಳದ ದನಿಯಲ್ಲ, ಅಳತೆ ಹೇಳುವ ದನಿ. "ಅವರ ಊರೂ ಗೊತ್ತಿಲ್ಲ, ಕೇರೀನೂ ಗೊತ್ತಿಲ್ಲ. ನಾನು ಹತ್ತಿರದವಳು, ನಂದು ಒಂದೇ ಲೈನ್‌ನಲ್ಲಿ ಗೊತ್ತಾಗುತ್ತೆ. ಮತ್ತೆ ನಿಮ್ಮತ್ರ ಇರೋದು ಮನೆ ಸಿಕ್ಕಿದೋರ ಪತ್ರ. ಸಿಗದೇ ಇರೋರು ಏನಂತ ಬರೆಸ್ತಾರೆ?"

ಅವಳು ಕಚೇರಿಗೆ ಹೋದಳು. ನಾನು ಆ ಮಾತನ್ನು ಬಾಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ ಕೂತೆ. ಸಿಗದವರು ಏನು ಬರೆಸುತ್ತಾರೆ? ಆಗ ನನಗೆ ಹೊಳೆಯಿತು, ಬರೆಸುತ್ತಾರೆ. ಅರ್ಧ ಬರೆಸುತ್ತಾರೆ. ನಾನು ಟೈಪು ಮಾಡಿದ್ದನ್ನು ಅಳಿಸುವವಳಲ್ಲ. ಅಚ್ಚಾದದ್ದು ಒಂದು ಫೋಲ್ಡರಿನಲ್ಲಿ, ಅಚ್ಚಾಗದೆ ಉಳಿದದ್ದು ಇನ್ನೊಂದರಲ್ಲಿ. ಎರಡನೆಯದನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ. ಸತ್ಯ ಹೇಳಬೇಕೆಂದರೆ ನನಗೆ ಆಗ ದುಃಖವೇನೂ ಇರಲಿಲ್ಲ, ಕುತೂಹಲ ತಡೆಯಲಾಗುತ್ತಿರಲಿಲ್ಲ. ಒಂದೊಂದೇ ತೆರೆದು ಓದಿದೆ. ಎಲ್ಲವೂ ಒಂದೇ ಕಾರಣಕ್ಕೆ ನಿಂತವಲ್ಲ. ಅನುಮಾನ ಬಂದ ಕೆಲವಕ್ಕೆ ಅಲ್ಲೇ ಇದ್ದ ನಂಬರಿಗೆ ಫೋನು ಮಾಡಿಬಿಟ್ಟೆ. ಒಬ್ಬನಿಗೆ ಅವತ್ತೇ ತುಮಕೂರಿಗೆ ವರ್ಗವಾಗಿತ್ತಂತೆ. ಒಬ್ಬಳ ಮದುವೆಯೇ ನಿಂತುಹೋಗಿತ್ತು, ಪಾಪ, ಯಾಕಾದರೂ ಕೇಳಿದೆನೋ ಅನ್ನಿಸಿತು. ಆದರೆ ಉಳಿದವುಗಳನ್ನು ಪರದೆಯ ಮೇಲೆ ಸಾಲಾಗಿ ನೋಡುವಾಗ ನನಗೇ ಗೊತ್ತಾಗತೊಡಗಿತು. ಕಾಲೋನಿ. ಹಟ್ಟಿ. ಮೊಹಲ್ಲಾ. ಮತ್ತೆ ಕಾಲೋನಿ. ಮುಂದಿನದನ್ನು ತೆರೆಯುವ ಮೊದಲೇ ವಿಳಾಸ ಏನಿರಬಹುದೆಂದು ಊಹಿಸುತ್ತಿದ್ದೆ, ಊಹೆ ತಪ್ಪುತ್ತಿರಲಿಲ್ಲ. ಕೊರಟಗೆರೆ ಕಡೆಯ ಒಬ್ಬರು ಫೋನಿನಲ್ಲಿ ನಕ್ಕುಬಿಟ್ಟರು. "ಅವತ್ತು ನೀವು ಓದಿದ್ರಲ್ಲ ಮೇಡಂ, ಭಾಳ ಚೆನ್ನಾಗ್ ಓದಿದ್ರಿ. ನಮ್ಮನೆಯೋಳು ಈಗ್ಲೂ ನೆನೆಸ್ಕೋತಾಳೆ" ಎಂದರು. ನಾನು ಥ್ಯಾಂಕ್ಸ್ ಎಂದೆ. ಎಂಥ ಮಾತು ಬಂತು ನೋಡಿ ನನ್ನ ಬಾಯಿಂದ.

ಕೆಳಗೆ ಹೋಗುತ್ತಾ ಹೋಗುತ್ತಾ ಐದು ವರ್ಷದ ಹಿಂದಿನ ಒಂದು ಕರಾರು ಸಿಕ್ಕಿತು. ಬಾಡಿಗೆದಾರಳು ಒಬ್ಬ ಶಾಲಾ ಶಿಕ್ಷಕಿ, ವಿಳಾಸ ಸಿರಾದ ಒಂದು ಮೊಹಲ್ಲಾ. ಮನೆ ಮಾಲೀಕರ ಹೆಸರು ನನ್ನ ಗಂಡನದು. ಮನೆಯ ವಿವರ: ಮೊದಲನೇ ಮಹಡಿ, ಹಾಲ್, ಒಂದು ಕೋಣೆ, ಅಡುಗೆಮನೆ. ನಮ್ಮ ಮಹಡಿ.

ಅದು ನನಗೆ ಪೂರ್ತಿ ಮರೆತುಹೋಗಿತ್ತು. ನೋಡಿದ ಮೇಲೆ ಪೂರ್ತಿ ನೆನಪಾಯಿತು. ಆ ಶಿಕ್ಷಕಿ ಭಾಯಿಯ ತಂಗಿಯ ಮಗಳು. ಭಾಯಿಯೇ ಕರೆದುಕೊಂಡು ಬಂದಿದ್ದರು. ನಾನು ಉತ್ಸಾಹದಿಂದ ಟೈಪು ಮಾಡಿದ್ದೆ, ಓದಿಯೂ ಹೇಳಿದ್ದೆ. ಆಮೇಲೆ "ಮನೇಲಿ ಅತ್ತೆಯವ್ರವ್ರೆ, ಒಂದ್ಮಾತು ಕೇಳಿ ಹೇಳ್ತೀನಿ ಭಾಯಿ" ಎಂದಿದ್ದೆ. ಒಂದು ವಾರ ಅವರ ಕಣ್ಣು ತಪ್ಪಿಸಿ ಓಡಾಡಿದೆ. ಎರಡು ತಿಂಗಳ ಮೇಲೆ ಮಹಡಿಯನ್ನು ಅಸ್ಸಾಮಿನವರಿಗೆ ಕೊಟ್ಟೆವು. ಅದನ್ನೇ ಹಿಡಿದುಕೊಂಡು ಅಷ್ಟು ವರ್ಷ ಭಾಯಿಯ ಮುಂದೆ ಊರಿನ ದೊಡ್ಡತನ ಕೊಚ್ಚಿಕೊಂಡಿದ್ದೆ. ಕಂಪ್ಯೂಟರು ಆರಿಸಿ ಅಂಗಡಿಗೆ ಬೀಗ ಹಾಕಿದೆ.

ಸೋಮವಾರ ಮಧ್ಯಾಹ್ನ ಭಾಯಿಯ ಅಂಗಡಿಗೆ ನಾನೇ ಹೋದೆ. ನಿಮ್ಮ ತಂಗಿಯ ಮಗಳ ವಿಷಯ ನಿಮಗೆ ನೆನಪಿತ್ತೇ ಎಂದು ಕೇಳಿದೆ.

"ನೆನಪಿಲ್ದೆ ಏನಕ್ಕಾ" ಎಂದರು ಅವರು.

"ಮತ್ತೆ ಇಷ್ಟು ವರ್ಷ ಜಗಳ ಆಡಿದ್ರಲ್ಲ, ಒಂದ್ಸಲಾನೂ ಯಾಕೆ ಎತ್ತಾಡ್ಲಿಲ್ಲ? ಆ ಒಂದು ಮಾತಿಗೆ ನಾನು ಬಾಯಿ ಮುಚ್ಕೋತಿದ್ದೆ."

ಅವರು ಯಂತ್ರದ ಗಾಜನ್ನು ಬಟ್ಟೆಯಿಂದ ಒರೆಸುತ್ತಿದ್ದರು. "ನೀವು ಬಾಯಿ ಮುಚ್ಕೊಂಡ್ರೆ ನಾನು ಮಧ್ಯಾಹ್ನ ಯಾರತ್ರ ಮಾತಾಡ್ಲಿ? ಪಕ್ಕದಂಗಡಿ ಅಕ್ಕಾ. ದಿನಾ ಮುಖ ನೋಡ್ಬೇಕಲ್ಲ. ಬುಡಿ, ಆಗಿದ್ದಾಯ್ತು" ಎಂದರು. ಆ ಗಾಜನ್ನೇ ಮತ್ತೆ ಒರೆಸತೊಡಗಿದರು. ಕ್ಷಮಿಸಿ ಎನ್ನಲು ಹೋಗಿ ಆಗದೆ, ಅವರ ಟೀ ದುಡ್ಡನ್ನೂ ನಾನೇ ಕೊಟ್ಟು ಬಂದೆ.

ಸಂಜೆ ಮನೆಗೆ ಹೋದೆ. ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಎಂಬತ್ತು ದಾಟಿದವರು, ಇಷ್ಟಲಿಂಗ ಪೂಜೆಯಾಗದೆ ಹನಿ ನೀರು ಕುಡಿಯುವುದಿಲ್ಲ. ಅವತ್ತು ಆ ಸಿರಾದ ಮೇಷ್ಟ್ರಮ್ಮನಿಗೆ ಮನೆ ಬೇಡವೆಂದದ್ದು ನಿಮಗೆ ನೆನಪಿದೆಯೇ ಎಂದು ಕೇಳಿದೆ.

"ಯಾವ ಮೇಷ್ಟ್ರಮ್ಮ?" ಎಂದರು. ಎಲ್ಲ ಹೇಳಿದೆ. ಅವರು ಕೈ ನಿಲ್ಲಿಸಿ ನನ್ನನ್ನೇ ನೋಡಿದರು. "ನಾನೆಲ್ಲಿ ಬ್ಯಾಡ ಅಂದೆ? ನೀನು ನನ್ನ ಕೇಳೇ ಇಲ್ವಲ್ಲ. ಕೇಳಿದ್ರೆ ಬ್ಯಾಡ ಅಂತಿದ್ನೋ ಏನೋ, ಅದು ಬ್ಯಾರೆ ಮಾತು. ಆದ್ರೆ ನೀನು ಕೇಳ್ಲಿಲ್ಲ ಕಣಮ್ಮ."

ಹೌದು, ಕೇಳಿರಲಿಲ್ಲ. ಊರಿನವರೆಲ್ಲ ಮನೆಯಲ್ಲಿ ಒಬ್ಬ ಹಿರಿಯರನ್ನು ಇಟ್ಟುಕೊಂಡಿರುತ್ತಾರೆ, ಬೇಡ ಎನ್ನುವುದಕ್ಕೆ. ಆ ಹಿರಿಯರಿಗೆ ಅದು ಗೊತ್ತೇ ಇರುವುದಿಲ್ಲ. ನಾನು ಅಲ್ಲೇ ಅವರ ಪಕ್ಕ ಕೂತು ಸರ್ವೇಯರಮ್ಮನ ವಿಷಯವನ್ನೂ, ಅವಳ ಮಗಳ ವಿಷಯವನ್ನೂ, ಕಾಲೋನಿಯನ್ನೂ ಬಿಡದೆ ಹೇಳಿದೆ. ನಮ್ಮ ಮಹಡಿಯನ್ನು ಅವಳಿಗೆ ಕೊಡೋಣವೇ ಎಂದು ಈ ಸಲ ಕೇಳಿಯೇ ಬಿಟ್ಟೆ.

"ಮಾಂಸ ಗೀಂಸ ಮಾಡ್ತಾರೇನೋ."

"ಮಾಡ್ತಾರೆ."

"ಅಸ್ಸಾಮಿನೋರು ಮೀನು ಹುರೀವಾಗ ಕಿಟಕಿ ಹಾಕ್ಕೋತಿದ್ನಲ್ಲ, ಅಂಗೇ ಹಾಕ್ಕೋತೀನಿ. ನಂಗೇನೂ ಮನಸ್ಸಿಗೆ ಖುಷಿಯಿಲ್ಲ, ಸುಳ್ಳು ಹೇಳಲ್ಲ. ಆದ್ರೆ ಮಗೀನ ಬುಟ್ಟು ಹೆಂಗಿರ್ತಾಳೆ ಅವ್ಳು? ಬರ್ಲಿ ಬುಡು" ಎಂದರು. ನನ್ನ ಗಂಡ ಒಳಗಿಂದ ಕೇಳಿಸಿಕೊಂಡಿದ್ದರು. ನೀರಿನ ಮೋಟರು ರಿಪೇರಿ ಮಾಡಿಸಬೇಕು ಎಂದಷ್ಟೇ ಹೇಳಿದರು.

ಮರುದಿನ ಅವಳಿಗೆ ಹೇಳಿದೆ. ಕಚೇರಿ ಬಿಟ್ಟ ಮೇಲೆ ನನ್ನ ಜೊತೆ ಬಂದಳು. ದಾರಿಯುದ್ದಕ್ಕೂ ನಾನೇ ಮಾತಾಡುತ್ತಿದ್ದೆ. ಶಾಲೆ ಎಷ್ಟು ಹತ್ತಿರ, ಮಗುವನ್ನು ಮಧ್ಯಾಹ್ನ ಯಾರು ನೋಡಿಕೊಳ್ಳಬಹುದು, ನಮ್ಮ ಬೀದಿಯ ಜನ ಎಂಥವರು. ನನ್ನೊಳಗೆ ಒಂದು ಹಬ್ಬದ ಸಂಭ್ರಮವೇ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ. ಅವಳು ಕೈ ಮುಗಿದು ಸಂತೋಷಪಡುತ್ತಾಳೆ, ಎಲ್ಲ ಊರಲ್ಲೂ ಒಳ್ಳೆಯವರಿರುತ್ತಾರೆ ಎನ್ನುತ್ತಾಳೆ, ಅದನ್ನು ನಾನು ಭಾಯಿಗೆ ಹೇಳುತ್ತೇನೆ ಎಂದೆಲ್ಲ ಲೆಕ್ಕ ಹಾಕಿದ್ದೆ.

ಅವಳು ಚಪ್ಪಲಿ ಬಿಟ್ಟು ಮಹಡಿ ಹತ್ತಿದಳು. ನಲ್ಲಿ ತಿರುಗಿಸಿ ನೋಡಿದಳು, ಕಿಟಕಿ ತೆರೆದು ಬೀದಿ ನೋಡಿದಳು, ಕೋಣೆಯ ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿದಳು. ಅಡುಗೆಮನೆಯ ಕಟ್ಟೆಯ ಮೇಲೆ ಬೆರಳು ಎಳೆದು, ಬೆರಳಿಗೆ ಅಂಟಿದ ಧೂಳನ್ನು ನೋಡಿಕೊಂಡಳು.

"ಎಷ್ಟು ದಿನದಿಂದ ಖಾಲಿ ಇದೆ ಮೇಡಂ?"

"ದೀಪಾವಳಿಯಿಂದ."

"ನಾನು ಸಂಕ್ರಾಂತಿಯಿಂದ ಹುಡುಕ್ತಿದ್ದೆ."

"ಹೌದು" ಎಂದೆ.

"ಮೂರು ಸಲ ನಿಮ್ಮ ಅಂಗಡೀಲಿ ಬರೆಸಿದಾಗ್ಲೂ ಖಾಲಿ ಇತ್ತಾ?"

"ಇತ್ತು."

ಯಾಕೆ ಹೇಳಲಿಲ್ಲ ಎಂದು ಅವಳು ಕೇಳುತ್ತಾಳೆಂದು ಕಾದೆ. ಹೊಳೆಯಲೇ ಇಲ್ಲ ಎನ್ನುವುದು ನಿಜ, ಆದರೆ ಯಾಕೆ ಹೊಳೆಯಲಿಲ್ಲ ಎಂಬುದೂ ಇದೆಯಲ್ಲ. ಅವಳು ಕೇಳಲಿಲ್ಲ. ಸೆರಗಿನ ತುದಿಗೆ ಬೆರಳು ಒರೆಸಿಕೊಂಡಳು.

"ಮೇ ಕೊನೇಲಿ ಬರ್ತೀನಿ ಮೇಡಂ. ಮಗಳು ಬೇಕು ನನಗೆ, ಅದಕ್ಕೆ ಬರ್ತೀನಿ" ಎಂದಳು. ಮೆಟ್ಟಿಲಿನ ಹತ್ತಿರ ಹೋಗಿ ತಿರುಗಿ ನಿಂತಳು. "ಆದ್ರೆ ನಿಮ್ಮೂರು ಒಳ್ಳೇದು ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸ್ಬೇಡಿ."

ಹೇಳಿಸುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟೆ, ಕೆಳಗಿಳಿದು ಬಂದು ಬೀಗದ ಕೈ ಕೊಟ್ಟೆ. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡು ಪಾವಗಡದ ಬಸ್ಸಿಗೆ ಹೊತ್ತಾಯಿತೆಂದು ಬೇಗ ಬೇಗ ನಡೆದಳು.